ಫ್ಯಾನು ಒಂದರಲ್ಲಿರಲಿ

"ನಿಮ್ಮ ಕಾರಿಗೆ ಏನೂ ಆಗಿಲ್ಲ, ಮೇಡಂ."

ಹಾಗೆಂದ ಎಸಿ ಮೆಕ್ಯಾನಿಕ್, ಗಾಳಿಕಿಂಡಿಗೆ ಸಿಕ್ಕಿಸಿದ್ದ ಥರ್ಮಾಮೀಟರನ್ನು ಹೊರತೆಗೆದು, ತೋಳನ್ನು ಪೂರ್ತಿ ಚಾಚಿ, ಕತ್ತನ್ನು ಹಿಂದಕ್ಕೆ ವಾಲಿಸಿ, ಅದರಲ್ಲಿದ್ದ ಅಂಕಿಯನ್ನು ಇನ್ನೊಮ್ಮೆ ಓದಿಕೊಂಡ.

ಅವಳು ತೆರೆದ ಬಾಗಿಲಿನ ಪಕ್ಕ ಬಿಸಿಲಿನಲ್ಲಿ ನಿಂತಿದ್ದಳು. ಕಾರಿನೊಳಗಿಂದ ಬಂದ ಗಾಳಿ ಅವಳ ಮೊಣಕೈಗೆ ತಾಗುತ್ತಿತ್ತು. ನಿಜವಾಗಿಯೂ ತಣ್ಣಗಿತ್ತು. ಅದಕ್ಕೇ ಅವಳಿಗೆ ಅಳು ಬರುವಂತಾಯಿತು.

"ಅರ್ಧ ಗಂಟೆ ಹಿಂದೆ ಇದೇ ಕಾರಲ್ಲಿ ನಮ್ಮಮ್ಮ ಸೆಕೆಗೆ ಒದ್ದಾಡಿಹೋದ್ರು," ಎಂದಳು. "ನಾನು ಸುಳ್ಳು ಹೇಳ್ತಿದ್ದೀನಾ?"

"ನೀವೂ ಹೇಳ್ತಿಲ್ಲ, ಥರ್ಮಾಮೀಟರೂ ಹೇಳ್ತಿಲ್ಲ."

"ಅದರಲ್ಲಿರೋ ಅಂಕಿ ಮೊದಲು ನಿಮಗೆ ಕಾಣ್ತಾ ಇದೆಯಾ?"

ಗ್ಯಾರೇಜಿನ ಮೂಲೆಯಲ್ಲಿ ಗಡಗಡನೆ ಓಡುತ್ತಿದ್ದ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಅಲ್ಲಿ ಕೂತು ಕಾರಿನ ಸೀಟ್ ಕವರ್ ಹೊಲಿಯುತ್ತಿದ್ದವಳು ಮೆಕ್ಯಾನಿಕ್‌ನ ಅಕ್ಕ. "ಅವನ ಕೈ ಇನ್ನೊಂದು ಗೇಣು ಉದ್ದ ಇದ್ದಿದ್ರೆ ಕನ್ನಡಕವೇ ಬೇಡವಾಗಿತ್ತು ನೋಡಮ್ಮ," ಎಂದು ನಕ್ಕಳು.

ಅವನ ಕಿವಿ ಕೆಂಪಾಯಿತು. ನಲವತ್ತೊಂದು ದಾಟಿದ ಗಂಡಸು ಹಾಗೆ ಶಾಲೆಯ ಹುಡುಗನಂತೆ ಕೆಂಪಾಗುವುದನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಸಿಟ್ಟು ಅರ್ಧಕ್ಕೇ ಉಳಿಯಿತು.

ಕಣ್ಣಿನ ಮಾತು ಅವಳ ಬಾಯಿಗೆ ತಾನಾಗಿ ಬಂದದ್ದು. ಎರಡು ಬೀದಿಯಾಚೆ ಅವಳದೊಂದು ಕನ್ನಡಕದ ಅಂಗಡಿಯಿತ್ತು. ಮೂವತ್ತಾರು ವರ್ಷದ ಬದುಕಿನಲ್ಲಿ ಹನ್ನೆರಡು ವರ್ಷ ಆ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲೇ ಕಳೆದಿತ್ತು. ಜನರ ಕಣ್ಣಿನ ಮುಂದೆ ಒಂದೊಂದೇ ಗಾಜು ಇಟ್ಟು, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುವುದು ಅವಳ ಕೆಲಸ. ಒಮ್ಮೆ ಮದುವೆಯ ಮಾತು ಬಂದಿತ್ತು. ಅಷ್ಟರಲ್ಲಿ ಅಮ್ಮನ ಗಂಟಲಿನ ಆಪರೇಷನ್ ಬಂತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ.

ಈ ಕಾರು ಅಪ್ಪನದು. ಅಪ್ಪ ಹೋಗಿ ಹತ್ತು ತಿಂಗಳಾಗಿತ್ತು.

ಪ್ರತಿ ಗುರುವಾರ ಅವಳು ಅಮ್ಮನನ್ನು ಇದೇ ಕಾರಿನಲ್ಲಿ ಪಕ್ಕದ ಊರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಡಾಕ್ಟರಮ್ಮ ಒಬ್ಬರು ಅಮ್ಮನ ಗಂಟಲಿಗೆ ಅಭ್ಯಾಸ ಮಾಡಿಸುತ್ತಾರೆ. ಆಪರೇಷನ್ ಆದ ಮೇಲೆ ನೂಲಿನೆಳೆಯಷ್ಟಾಗಿದ್ದ ಧ್ವನಿ ಈಗ ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತಿತ್ತು. ಒಂದೂವರೆ ಗಂಟೆಯ ದಾರಿ. ರಸ್ತೆ ಅಗಲ ಮಾಡುವ ಕೆಲಸ ನಡೆದು ಉದ್ದಕ್ಕೂ ಧೂಳು. ಕಿಟಕಿ ತೆರೆದರೆ ಅಮ್ಮನಿಗೆ ಕೆಮ್ಮು, ಮುಚ್ಚಿದರೆ ಸೆಕೆ. ಎಸಿ ಮೊದಲ ಅರ್ಧ ಗಂಟೆ ಚೆನ್ನಾಗಿ ತಂಪು ಕೊಟ್ಟು, ಆಮೇಲೆ ಉಸಿರು ಬಿಡುವುದನ್ನೇ ಮರೆತಂತೆ ಸುಮ್ಮನಾಗುತ್ತಿತ್ತು.

ಕಳೆದ ವಾರ ಅಮ್ಮ ಅರ್ಧ ದಾರಿಯಲ್ಲೇ ಕೈಸನ್ನೆ ಮಾಡಿ ವಾಪಸ್ ತಿರುಗಿಸು ಎಂದಿದ್ದಳು. ಅದು ಹೇಗೋ ಅಣ್ಣನ ಕಿವಿಗೆ ಬಿತ್ತು. ಅವನು ದೂರದ ಊರಿನಿಂದ ಫೋನು ಮಾಡಿ ತೀರ್ಪು ಕೊಟ್ಟುಬಿಟ್ಟ. ಆ ಡಬ್ಬ ಕಾರಿನಲ್ಲಿ ಅಮ್ಮನನ್ನು ಎಳೆದಾಡಬೇಡ, ತಿಂಗಳ ಕೊನೆಯ ಭಾನುವಾರ ಒಬ್ಬರು ಬಂದು ಕಾರು ನೋಡುತ್ತಾರೆ, ಕೊಟ್ಟುಬಿಡು, ಅಮ್ಮ ಇನ್ನು ನನ್ನ ಮನೆಯಲ್ಲಿರಲಿ.

ಅಮ್ಮ ಅಲ್ಲಿಗೆ ಹೋದರೆ ಈ ಡಾಕ್ಟರಮ್ಮ ಇಲ್ಲ. ಗುರುವಾರಗಳಿಲ್ಲ. ಅಪ್ಪನ ಕಾರಿಲ್ಲ. ಮನೆಯಲ್ಲಿ ಅವಳೊಬ್ಬಳೇ... ಹಾಗಾಗಿ ಎಸಿ ರಿಪೇರಿಯಾಗಲೇಬೇಕಿತ್ತು.

"ಬಿಟ್ಟು ಹೋಗಿ. ಇವತ್ತೊಂದು ದಿನ ನೋಡ್ತೀನಿ," ಎಂದ ಅವನು, ಕಿವಿಯ ಕೆಂಪು ಇಳಿದ ಮೇಲೆ.

ಅವಳು ಕೀಲಿ ಕೊಟ್ಟಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಒಂದು ಮಾತು. ಏನು ಬೇಕಾದ್ರೂ ಬಿಚ್ಚಿ ನೋಡಿ. ಆದ್ರೆ ಕೊಡುವಾಗ ಫ್ಯಾನಿನ ನಾಬ್ ಮಾತ್ರ ಒಂದರಲ್ಲೇ ಇರಲಿ. ಅದು ನಮ್ಮಪ್ಪ ಇಟ್ಟುಹೋದ ಜಾಗ."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಇದೇ ಮಾತಿಗೆ ಅಣ್ಣ ನಕ್ಕಿದ್ದ. ಈತನೂ ನಗುತ್ತಾನೆ ಎಂದು ಕಾದಳು.

ಅವನು ನಗಲಿಲ್ಲ. ಯಾಕೆಂದು ಕೇಳಲೂ ಇಲ್ಲ. ಜೇಬಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದು, ಬಾಗಿ, ನಾಬಿನ ತುದಿಯಿಂದ ಡ್ಯಾಶ್‌ಬೋರ್ಡಿನ ಹಲಗೆಯವರೆಗೆ ಕೂದಲೆಳೆಯಂಥ ಒಂದು ಬಿಳಿ ಗೆರೆ ಎಳೆದ.

"ಇಲ್ಲೇ ಇರುತ್ತೆ," ಎಂದ.

*

ಮರುದಿನ ಕಾರು ಕೈಗೆ ಬಂದಾಗ ಅವಳು ಮೊದಲು ನೋಡಿದ್ದು ಆ ಗೆರೆಯನ್ನು. ನಾಬಿನ ಮೇಲಿನ ಅರ್ಧ, ಹಲಗೆಯ ಮೇಲಿನ ಅರ್ಧ, ಎರಡೂ ಒಂದಕ್ಕೊಂದು ಕೂಡಿಕೊಂಡು ನಿಂತಿದ್ದವು. ಯಾರೋ ದೇವರ ಕೋಣೆಗೆ ಹೋಗಿ, ಒಂದು ಹೂವೂ ಅಲುಗದಂತೆ ಕಸ ಗುಡಿಸಿ ಬಂದ ಹಾಗಿತ್ತು.

ಗ್ಯಾಸ್ ಸರಿಯಿದೆ, ಎಲ್ಲೂ ಸೋರಿಕೆಯಿಲ್ಲ, ಕಂಪ್ರೆಸರ್ ಗಟ್ಟಿಯಾಗಿದೆ, ಎದುರಿನ ಜಾಲರಿಯಲ್ಲಿ ಕೂತಿದ್ದ ಧೂಳನ್ನೆಲ್ಲ ತೊಳೆದಿದ್ದೇನೆ ಎಂದು ಅವನು ಹೇಳಿ ಕಳಿಸಿದ. ಮುಂದಿನ ಗುರುವಾರ ಮೂವತ್ತೈದನೆಯ ನಿಮಿಷಕ್ಕೆ ಎಸಿ ಮತ್ತೆ ಸುಮ್ಮನಾಯಿತು.

ಸಂಜೆ ಅಮ್ಮನನ್ನು ಮನೆಯಲ್ಲಿಳಿಸಿ ಅವಳು ಮತ್ತೆ ಗ್ಯಾರೇಜಿಗೆ ಬಂದಳು. ಅವನು ಬೇರೆ ಗಾಡಿಯ ಅಡಿಯಲ್ಲಿದ್ದ. ಅವಳು ಮುಕ್ಕಾಲು ಗಂಟೆ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕಾದಳು. ಅವನು ಕೈ ಒರೆಸಿಕೊಂಡು ಬಂದು ಕಾರಿನೊಳಗೆ ಕೂತು ಎಸಿ ಹಾಕಿದ... ಮಂಜಿನಂಥ ಗಾಳಿ!

ಅವನು ನಿಂತ ಕಾರಿನ ಎಂಜಿನ್ನನ್ನು ಒಂದು ಗಂಟೆ ಚಾಲೂ ಇಟ್ಟು ನೋಡಿದ. ಫ್ಯಾನನ್ನು ನಾಲ್ಕಕ್ಕೆ ಏರಿಸಿದ್ದ. ಮೊದಲು ಗಾಳಿಯನ್ನು ಪೂರ್ತಿ ಬಿಡು, ಆಮೇಲೆ ಅಳೆ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಹದಿನೈದು ವರ್ಷ ಅವನು ಶೀತಲ ಲಾರಿಗಳ ರಿಪೇರಿಗೆಂದು ಊರೂರು ಅಲೆದವನು. ಆ ಅಲೆದಾಟದಲ್ಲಿ ಮದುವೆಯ ವಯಸ್ಸು ದಾಟಿದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಆ ಒಂದು ಗಂಟೆ ಇಬ್ಬರೂ ಕಾರಿನ ಎರಡು ಬಾಗಿಲುಗಳ ಬಳಿ ನಿಂತು ಮಾತಾಡಿದರು. ಅವನು ಲಾರಿಗಳ ಕಥೆ ಹೇಳಿದ. ಒಮ್ಮೆ ಇಡೀ ಲಾರಿ ಬಿಳಿ ಹೂವು ಸಾಗಿಸುವಾಗ ದಾರಿಯಲ್ಲಿ ಬಾಗಿಲು ತೆರೆದು ನೋಡಬೇಕಾಯಿತಂತೆ. ಹೊರಗೆ ಸುಡುವ ಬಯಲು, ಒಳಗೆ ತಣ್ಣನೆಯ ಕತ್ತಲು, ಆ ಕತ್ತಲಿನ ತುಂಬ ಹೂವಿನ ವಾಸನೆ. ಒಳಗೆ ಹೋದವನಿಗೆ ಹೊರಗೆ ಬರಲು ಮನಸ್ಸೇ ಬರಲಿಲ್ಲವಂತೆ.

ಅವಳು ಕಣ್ಣು ಮುಚ್ಚಿ ಆ ಲಾರಿಯೊಳಗೆ ಹೋಗಿಬಂದಳು.

ಅವಳೂ ತನ್ನ ಕತ್ತಲೆ ಕೋಣೆಯ ಬಗ್ಗೆ ಹೇಳಿದಳು. ಸರಿಯಾದ ಗಾಜು ಸಿಕ್ಕಿದ ಕ್ಷಣ ಜನ ಮಾತಾಡುವುದಿಲ್ಲ, ಉಸಿರು ಬಿಡುತ್ತಾರೆ, ಆ ಉಸಿರು ಕೇಳಿದರೆ ಸಾಕು ನನ್ನ ಕೆಲಸ ಮುಗಿಯಿತು ಎಂದಳು. ಅವನು ಅದನ್ನು ಎಷ್ಟು ಗಮನವಿಟ್ಟು ಕೇಳಿದನೆಂದರೆ, ಅವಳಿಗೆ ಮಾತು ತಪ್ಪಿತು.

ಹೋಗುವಾಗ ಅವನು ಬಾಗಿ ನಾಬನ್ನು ಒಂದಕ್ಕೆ ತಂದು, ಗೆರೆಗೆ ಗೆರೆ ಕೂಡಿಸಿದ. ತೋಳು ಚಾಚಿ, ಕತ್ತು ವಾಲಿಸಿ, ಸರಿಯಾಗಿ ಕೂಡಿದೆಯೇ ಎಂದು ನೋಡಿದ.

ಆ ವಾರವೆಲ್ಲ ಅವಳಿಗೆ ಬಿಳಿ ಹೂವಿನ ವಾಸನೆ ಬಂದಂತಾಗುತ್ತಿತ್ತು. ಎಸಿ ಮತ್ತೆ ಕೆಡಲಿ ಎಂದು ಅವಳು ಖಂಡಿತ ಬೇಡಿಕೊಳ್ಳಲಿಲ್ಲ. ಆದರೆ ಗುರುವಾರ ಅದು ಮತ್ತೆ ಕೆಟ್ಟಾಗ, ಹಿಂದಿನ ಸೀಟಿನಲ್ಲಿ ಅಮ್ಮ ಬೆವರುತ್ತಿರುವಾಗ, ಎದೆಯ ಮೂಲೆಯಲ್ಲೆಲ್ಲೋ ಒಂದು ಸಣ್ಣ ಸಂತೋಷ ಮಿಸುಕಿತು. ದೇವರಿಗೆ ಇಂಥದ್ದೆಲ್ಲ ಕಾಣಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾಚಿ, ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

ತಿಂಗಳ ಕೊನೆಯ ಭಾನುವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

*

ಮೂರನೆಯ ಸಲ ಅವನು ಕಾರನ್ನು ನೋಡಿ ಮುಗಿಸುವಷ್ಟರಲ್ಲಿ ಅವಳು ಹತ್ತಿರದ ಅಂಗಡಿಗೆ ಹೋಗಿ ಮೂರು ಲೋಟ ಟೀ ತರುತ್ತಿದ್ದಳು. ಒಂದು ಅಕ್ಕನಿಗೆ, ಒಂದು ಅವನಿಗೆ, ಒಂದು ತನಗೆ. ಗ್ಯಾರೇಜಿನ ತಗಡಿನ ಗೋಡೆಯ ಆಚೆ ಅಕ್ಕನ ಮಾತು ಕೇಳಿಸಿತು.

"ಲೋ, ಮೂರನೇ ಸಲ ಆಯ್ತಲ್ಲೋ! ಆ ಕಾರಿಗೆ ಬಂದಿರೋ ರೋಗನಾದ್ರೂ ಏನು?"

"ಕಾರಿಗೆ ಏನೂ ಆಗಿಲ್ಲಕ್ಕ," ಎಂದಿತು ಅವನ ಧ್ವನಿ. "ಏನೂ ಇಲ್ಲದೇ ಬರ್ತಾರೆ ಅವರು."

ಅವಳ ಕೈಯಲ್ಲಿದ್ದ ಟೀ ತುಳುಕಿ ಬೆರಳು ಸುಟ್ಟಿತು.

ಏನೂ ಇಲ್ಲದೇ! ಹಾಗಾದರೆ ಅವನು ಇಷ್ಟು ದಿನ ಅಂದುಕೊಂಡದ್ದು ಇದನ್ನೇ. ವಯಸ್ಸು ಮೀರಿದ ಹೆಂಗಸೊಬ್ಬಳು ಕೆಡದ ಕಾರನ್ನು ಕೆಟ್ಟಿದೆ ಎಂದು ಹೇಳಿಕೊಂಡು ಬಂದು ನಿಲ್ಲುತ್ತಾಳೆ... ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಆ ಮಾತಿನಲ್ಲಿ ಒಂದು ಹನಿ ನಿಜವೂ ಇತ್ತಲ್ಲ!

ಮುಂದಿನ ಮಾತು ಕೇಳಲು ಅವಳು ನಿಲ್ಲಲಿಲ್ಲ. ಟೀಯನ್ನು ಅಕ್ಕನ ಮುಂದಿಟ್ಟು, ಕೀಲಿ ಕೇಳಿ ತೆಗೆದುಕೊಂಡು, ಇನ್ನು ಮೇಲೆ ತೊಂದರೆ ಕೊಡುವುದಿಲ್ಲ ಎಂದು ಹೇಳಿ ಕಾರು ಹೊರಡಿಸಿದಳು. ಅವನು ಏನೋ ಕೇಳುತ್ತಾ ಎರಡು ಹೆಜ್ಜೆ ಹಿಂದೆ ಬಂದದ್ದು ಕನ್ನಡಿಯಲ್ಲಿ ಕಾಣಿಸಿತು. ಆಮೇಲೆ ಕನ್ನಡಿಯೂ ಮಂಜಾಯಿತು.

ಆ ಸಂಜೆ ಅವಳು ಅಣ್ಣನಿಗೆ ಫೋನು ಮಾಡಿದಳು. ಭಾನುವಾರ ಅವರು ಬಂದು ಕಾರು ನೋಡಲಿ ಎಂದಳು.

ಪಕ್ಕದಲ್ಲೇ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅಮ್ಮ ಈಗೀಗ ಮಾತಾಡುವುದೇ ಕಡಿಮೆ. ಡಾಕ್ಟರಮ್ಮನ ಎದುರು ಆ, ಈ, ಊ ಎಂದು ಒಪ್ಪಿಸಿ ಬರುತ್ತಿದ್ದಳು, ಮನೆಯಲ್ಲಿ ಮೌನ. ಧ್ವನಿ ಬಂದಿದ್ದರೂ ಕೇಳುವವರಿಲ್ಲ ಎಂಬಂತೆ. ಅಂದು ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಒಳಗೆದ್ದು ಹೋದಳು.

*

ಕಾರು ಹೋದ ಮೇಲೆ ಮೆಕ್ಯಾನಿಕ್ ಅದು ನಿಂತಿದ್ದ ಜಾಗದಲ್ಲೇ ಬಹಳ ಹೊತ್ತು ನಿಂತ. ಅಕ್ಕ ಎರಡು ಸಲ ಕೂಗಿದರೂ ಅವನಿಗೆ ಕೇಳಿಸಲಿಲ್ಲ. ಕೊನೆಗೆ ಅವನ ಚಪ್ಪಲಿ ತಣ್ಣಗಾಯಿತು.

ನೋಡಿದರೆ ಕಾಲಡಿಯಲ್ಲಿ ನೀರು. ಎಸಿ ಓಡಿದ ಕಾರಿನ ಕೆಳಗೆ ಒಂದು ಲೋಟ ನೀರು ತೊಟ್ಟಿಕ್ಕುವುದು ಸಹಜ. ಇದು ಅರ್ಧ ಬಕೆಟ್‌ಗೂ ಹೆಚ್ಚಿತ್ತು. ನೆಲದ ಇಳಿಜಾರಿನಲ್ಲಿ ಹರಿದು, ಅಕ್ಕನ ಹೊಲಿಗೆ ಯಂತ್ರದ ಕಾಲಿನವರೆಗೂ ಹೋಗಿತ್ತು.

ಇಷ್ಟು ನೀರು ಎಲ್ಲಿಂದ?

ಅವನು ಬಗ್ಗಿ ಕೈಯದ್ದಿದ. ತಣ್ಣಗೆ ಕೊರೆಯುತ್ತಿತ್ತು. ಅವನು ತಲೆಯೆತ್ತಿ ಕಾರು ಹೋದ ರಸ್ತೆಯತ್ತ ನೋಡಿದ.

*

ಶನಿವಾರ ಮಧ್ಯಾಹ್ನ ಅವಳ ಅಂಗಡಿಯ ಗಾಜಿನ ಬಾಗಿಲು ತೆರೆದು ಅವನು ಒಳಗೆ ಬಂದ. ತೊಳೆದ ಅಂಗಿ ಹಾಕಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ.

ಅವಳು ಅಂಗಡಿಗೆ ಬರುವ ಎಲ್ಲರಿಗೂ ಹೇಳುವಂತೆ, ಬನ್ನಿ, ಏನಾಗಬೇಕು ಎಂದಳು. ಕಣ್ಣು ಪರೀಕ್ಷೆ ಎಂದ ಅವನು. ಅವಳು ಒಂದೂ ಹೆಚ್ಚಿನ ಮಾತಾಡದೆ ಹಿಂದಿನ ಕೋಣೆಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿದಳು.

ಕತ್ತಲು. ಗೋಡೆಯ ಮೇಲೆ ಬೆಳಗುತ್ತಿದ್ದ ಅಕ್ಷರಗಳ ಸಾಲು. ಅವನ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸುವಾಗ ಅವಳ ಬೆರಳು ಅವನ ಕಿವಿಗೆ ತಾಗಿತು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸಿದರು.

ದೂರದ ಅಕ್ಷರಗಳನ್ನೆಲ್ಲ ಅವನು ಗಟಗಟನೆ ಓದಿದ. ಕೊನೆಯ ಸಾಲಿನವರೆಗೂ. ಅವಳು ಚಿಕ್ಕ ಅಕ್ಷರದ ಕಾಗದವೊಂದನ್ನು ಅವನ ಕೈಗಿಟ್ಟು ಸಣ್ಣ ದೀಪ ಹಾಕಿದಳು. ಅವನ ತೋಳು ತಾನಾಗಿ ಚಾಚಿತು. ಅವಳು ಅದನ್ನು ಹಿಡಿದು ಮೆಲ್ಲನೆ ಹತ್ತಿರಕ್ಕೆ ತಂದು, ಗಾಜು ಬದಲಿಸಿದಳು.

"ಇದು ಸ್ಪಷ್ಟನಾ..." ಇನ್ನೊಂದು ಗಾಜು. "ಅದಾ?"

"ಮೇಡಂ, ನಿಮ್ಮ ಕಾರು ಕೆಟ್ಟಿರೋದು ನಿಜ."

ಅವಳ ಕೈ ಗಾಳಿಯಲ್ಲೇ ನಿಂತಿತು.

"ತಪ್ಪು ನನ್ನದು. ಒಳಗೆ ಗಾಳಿ ತಣ್ಣಗೆ ಮಾಡೋ ಕಾಯಿಲ್ ಮೇಲೆ ಐಸ್ ಕಟ್ತಿದೆ ಅನ್ಸುತ್ತೆ. ಗಾಳಿ ಹೋಗೋಕೆ ದಾರಿನೇ ಇರಲ್ಲ. ನೀವು ನನ್ನ ಹತ್ತಿರ ಬಂದು ಕಾಯೋ ಹೊತ್ತಿಗೆ ಅದು ಕರಗಿಹೋಗುತ್ತೆ. ನಾನು ಫ್ಯಾನ್ ಜೋರು ಇಟ್ಟು ನೋಡ್ತೀನಿ, ಗಾಳಿ ಜೋರಾಗಿದ್ರೆ ಅಷ್ಟು ಬೇಗ ಕಟ್ಟಲ್ಲ. ನೀವು ಓಡಿಸೋದು ಒಂದರಲ್ಲಿ. ನಾನು ಗೆರೆ ಎಳೆದೆ, ಗೆರೆ ಕೂಡಿಸಿದೆ. ಒಂದ್ಸಲನಾದ್ರೂ ಒಂದರಲ್ಲಿಟ್ಟು ನೋಡ್ಲಿಲ್ಲ."

ಕತ್ತಲಿನಲ್ಲಿ ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು.

ಕೊನೆಗೆ ಅವಳು ಇನ್ನೊಂದು ಗಾಜು ಇಟ್ಟಳು. ಅವನು ಕಾಗದ ನೋಡಿದ. ಮಾತಾಡಲಿಲ್ಲ... ಉಸಿರು ಬಿಟ್ಟ.

ಅವಳು ದೀಪ ಹಾಕಿದಳು. ಸೋಮವಾರಕ್ಕೆ ಕನ್ನಡಕ ಸಿದ್ಧವಾಗುತ್ತದೆ ಎಂದಳು. ಕಾರು ನೋಡುವವರು ನಾಳೆ ಬರುತ್ತಾರೆ ಎಂದೂ ಹೇಳಿದಳು.

"ನಾಳೆ ಬೇಡ ಅನ್ನಿ," ಎಂದ ಅವನು. "ಒಂದು ವಾರ ಕೊಡಿ. ಗುರುವಾರ ನಾನೇ ನಿಮ್ಮ ಜೊತೆ ಕಾರಲ್ಲಿ ಬರ್ತೀನಿ. ನೀವು ಓಡಿಸೋ ಹಾಗೇ ಓಡಿಸಿ. ಏನೂ ಬದಲಾಯಿಸಬೇಡಿ."

ಹತ್ತು ತಿಂಗಳಲ್ಲಿ ಏನೂ ಬದಲಾಯಿಸಬೇಡಿ ಎಂದು ಅವಳಿಗೆ ಹೇಳಿದವನು ಅವನೊಬ್ಬನೇ. ಅವಳಿಗೆ ಇನ್ನೂ ಕೋಪವಿತ್ತು. ಆದರೂ ಅಣ್ಣನಿಗೆ ಫೋನು ಮಾಡಿ, ಒಂದು ವಾರ ತಡೆಯಲು ಹೇಳಿದಳು.

*

ಗುರುವಾರ ಅವನು ಹೊಸ ಕನ್ನಡಕವನ್ನು ಅಂಗಿಯ ಜೇಬಿನಲ್ಲಿ ಸಿಕ್ಕಿಸಿಕೊಂಡು ಬಂದ. ಹಿಂದಿನ ಬಾಗಿಲು ತೆರೆಯಹೋದವನನ್ನು ಅಮ್ಮ ಕೈಸನ್ನೆಯಿಂದ ತಡೆದಳು. ಮುಂದೆ, ಎಂದು ತೋರಿಸಿದಳು.

ಆ ಸೀಟು ಅಮ್ಮನದು. ಅಪ್ಪ ಇದ್ದಾಗ ಅಮ್ಮ ಅಲ್ಲೇ ಕೂರುತ್ತಿದ್ದದ್ದು. ಅಪ್ಪ ಹೋದ ಮೇಲೆ ಅಮ್ಮ ಹಿಂದಕ್ಕೆ ಹೋದಳು, ಮುಂದಿನ ಸೀಟಿನಲ್ಲಿ ಯಾರೂ ಕೂತಿರಲಿಲ್ಲ.

"ಅಮ್ಮ, ಅಲ್ಲಿ..."

"ಕೂತ್ಕೊಳ್ಳಪ್ಪ," ಎಂದಳು ಅಮ್ಮ. ಸಣ್ಣ ಧ್ವನಿ. ಆದರೆ ಅಪ್ಪಣೆ.

ಊರು ದಾಟಿತು. ಬಯಲು ಶುರುವಾಯಿತು. ಹೊರಗೆ ಬಿಸಿಲು ನೀರಿನಂತೆ ನಡುಗುತ್ತಿತ್ತು, ಲಾರಿಗಳು ಎಬ್ಬಿಸಿದ ಧೂಳು ಹೊನ್ನಿನ ಬಣ್ಣದ ಪರದೆಯಾಗಿ ಇಳಿಯುತ್ತಿತ್ತು, ಒಳಗೆ ಮೂವರ ಸುತ್ತ ತೆಳುವಾದ ತಂಪು. ಫ್ಯಾನು ಒಂದರಲ್ಲಿತ್ತು. ಅದರ ಸದ್ದು ಮಲಗಿದವರ ಉಸಿರಿನಷ್ಟೇ ಇತ್ತು. ಯಾರೂ ಮಾತಾಡಲಿಲ್ಲ. ಇದೇ ರಸ್ತೆ ಮುಗಿಯದೇ ಹೀಗೇ ಹೋಗುತ್ತಿದ್ದರೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತಾನೇ ಸಿಡುಕಿದಳು.

ಮೂವತ್ತನಾಲ್ಕನೆಯ ನಿಮಿಷ. ಗಾಳಿ ಸೋತಿತು. ಅವನು ಕನ್ನಡಕ ಹಾಕಿಕೊಂಡು ಕಿಂಡಿಗೆ ಅಂಗೈ ಹಿಡಿದ. ಬದಿಗೆ ನಿಲ್ಲಿಸಿ ಎಂದ.

ರಸ್ತೆಯ ಬದಿಯ ಒಂಟಿ ಮರದ ನೆರಳಿನಲ್ಲಿ ಕಾರು ನಿಂತಿತು. ಅವನು ಡ್ಯಾಶ್‌ಬೋರ್ಡಿನ ಕೆಳಗಿನ ಸಣ್ಣ ಮುಚ್ಚಳವೊಂದನ್ನು ತೆಗೆದು ಟಾರ್ಚು ಬಿಟ್ಟು ಅವಳನ್ನು ಕರೆದ. ಅವಳು ಬಾಗಿ ನೋಡಿದಳು.

ಒಳಗೆ ಬೆಳ್ಳಗೆ ಹೊಳೆಯುವ ಹಿಮ! ಕಾಯಿಲಿನ ಒಂದೊಂದು ತೆಳು ತಗಡಿನ ನಡುವೆಯೂ ಹಿಮ ತುಂಬಿ, ಇಡಿಯಾಗಿ ಒಂದು ಬಿಳಿ ಗೋಡೆಯಾಗಿತ್ತು. ಸುಡುವ ಬಯಲಿನ ನಡುವೆ, ಅಪ್ಪನ ಕಾರಿನ ಹೊಟ್ಟೆಯಲ್ಲಿ, ಯಾರಿಗೂ ಕಾಣದಂತೆ ಇಷ್ಟೊಂದು ಚಳಿ.

"ತಣ್ಣಗಾಗದೇ ಕೆಟ್ಟಿದೆ ಅಂದ್ಕೊಂಡಿದ್ವಿ," ಎಂದ ಅವನು ಮೆಲ್ಲನೆ. "ಇದು ಜಾಸ್ತಿ ತಣ್ಣಗಾಗಿ ಬಿಗಿದುಕೊಂಡಿದೆ. ಸಾಕು, ಸ್ವಲ್ಪ ನಿಲ್ಲು ಅಂತ ಕಂಪ್ರೆಸರ್‌ಗೆ ಹೇಳೋಕೆ ಇಲ್ಲೊಂದು ಪುಟ್ಟ ಸೆನ್ಸರ್ ಇರುತ್ತೆ. ಅದು ಸತ್ತುಹೋಗಿದೆ. ಹೇಳೋರಿಲ್ಲದೆ ಇದು ನಿಲ್ಲದೇ ದುಡೀತಾ ಇದೆ."

ಅವಳು ಬೆರಳು ಚಾಚಿ ಆ ಹಿಮವನ್ನು ಮುಟ್ಟಿದಳು.

ಕರಗುವವರೆಗೆ ಕಾಯಬೇಕಿತ್ತು. ಬಾಗಿಲು ತೆರೆದಿಟ್ಟು ಮೂವರೂ ನೆರಳಿನಲ್ಲಿ ಕೂತರು. ಕಾರಿನಡಿಯಿಂದ ನೀರು ಸಣ್ಣ ತೊರೆಯಾಗಿ ಹೊರಟಿತು. ಹೊಸ ಸೆನ್ಸರ್ ಹಾಕುವವರೆಗೆ ಫ್ಯಾನನ್ನು ಎರಡು ಮೂರರಲ್ಲಿಟ್ಟು, ನಡುನಡುವೆ ಎಸಿ ಆರಿಸಿ ಓಡಿಸಿದರೆ ಇಷ್ಟು ಕಟ್ಟುವುದಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ನಾಬನ್ನು ಮುಟ್ಟಲಿಲ್ಲ. ಅವಳತ್ತ ನೋಡಿದ.

"ಅದು ಅಪ್ಪ ಇಟ್ಟುಹೋದ ಜಾಗ," ಎಂದಳು ಅವಳು.

ಆಗ ಅಮ್ಮ ನಕ್ಕಳು. ಸದ್ದಿಲ್ಲದೆ, ಭುಜ ಕುಲುಕಿಸಿ.

"ನಿಮ್ಮಪ್ಪ ಅದನ್ನ ಅಲ್ಲಿ ಯಾಕಿಟ್ಟಿದ್ರು ಅಂತ ಗೊತ್ತೇನೇ ಪುಟ್ಟಿ?"

ಸೆಕೆ ಎಂದರೆ ಅಪ್ಪನಿಗೆ ಆಗುತ್ತಿರಲಿಲ್ಲ, ಫ್ಯಾನು ಸದಾ ನಾಲ್ಕರಲ್ಲೇ ಇರುತ್ತಿತ್ತು, ಎಂದು ಅಮ್ಮ ನಿಂತು ನಿಂತು ಹೇಳಿದಳು. ಆಪರೇಷನ್ ಆದ ಮೇಲೆ ಅಮ್ಮನ ಧ್ವನಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತಂತೆ. ಏನಂದೆ, ಏನಂದೆ ಎಂದು ಕೇಳಿ ಕೇಳಿ ಒಂದು ದಿನ ಅಪ್ಪ ಸುಮ್ಮನೆ ನಾಬನ್ನು ಒಂದಕ್ಕೆ ತಿರುಗಿಸಿದರಂತೆ. ಆಮೇಲೆ ಬೆವರಿಕೊಂಡೇ ಕಾರು ಓಡಿಸಿದರು, ಮತ್ತೆ ಏರಿಸಲಿಲ್ಲ.

"ನನ್ನ ಮಾತು ಕೇಳೋಕೆ ಕಣೇ," ಎಂದಳು ಅಮ್ಮ. "ನೀನು ಒಂದರಲ್ಲೇ ಇಟ್ಕೊಂಡು, ಒಂದು ಮಾತೂ ಆಡದೆ ಓಡಿಸ್ತೀಯ. ಯಾವ ಮಾತು ಕೇಳೋಕೆ?"

ಹತ್ತು ತಿಂಗಳಲ್ಲಿ ಅಮ್ಮ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟಳು. ಅಪ್ಪ ಸತ್ತ ದಿನವೂ ಬಾರದ ಅಳು, ಆ ಮರದ ಕೆಳಗೆ ಬಂತು. ಮೆಕ್ಯಾನಿಕ್ ಎದ್ದು ಹೋಗಿ ಕಾರಿನ ಆಚೆ ಬದಿಯಲ್ಲಿ ನಿಂತ. ಕಾರಿನಡಿಯ ನೀರು ಅವನ ಕಾಲ ಬಳಿ ಹರಿದುಹೋಗುತ್ತಿತ್ತು.

ಎಲ್ಲ ಕರಗಿದ ಮೇಲೆ ಕಾರಿನೊಳಗೆ ಕೂತವಳು ತಾನೇ ಕೈಚಾಚಿ ನಾಬನ್ನು ಎರಡಕ್ಕೆ ತಿರುಗಿಸಿದಳು. ಸೀಮೆಸುಣ್ಣದ ಗೆರೆ ಎರಡು ತುಂಡಾಯಿತು.

ಅಂದು ಮನೆಗೆ ಬಂದ ಮೇಲೆ ಅಮ್ಮ ತಾನೇ ಫೋನು ಕೈಗೆತ್ತಿಕೊಂಡಳು. ಕಾರು ಮಾರುವುದಿಲ್ಲ, ನಾನು ಎಲ್ಲಿಗೂ ಬರುವುದಿಲ್ಲ, ಗುರುವಾರ ನನಗೆ ಕೆಲಸವಿದೆ ಎಂದು ಮಗನಿಗೆ ಹೇಳಿದಳು. ಆಮೇಲೆ ಅಣ್ಣ, ಅಮ್ಮ ನಿನ್ನ ಧ್ವನಿ ಬಂದಿದೆಯಲ್ಲ, ಎಂದನಂತೆ. ಅಷ್ಟೇ. ಕಾರಿನ ಮಾತು ಅಲ್ಲಿಗೆ ಮುಗಿಯಿತು.

*

ಹೊಸ ಸೆನ್ಸರ್ ಅವನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿತ್ತು. ಕನ್ನಡಕ ಹಾಕಿಕೊಂಡು ಅವನೇ ಕೂರಿಸಿದ. ರಸ್ತೆಯ ಮೇಲೆ ಪೂರ್ತಿ ದೂರ ಓಡಿಸಿ ನೋಡದೆ ಒಪ್ಪಿಸಲಾರೆ ಎಂದ. ಗುರುವಾರ ಬಂದ. ಎಸಿ ಹೋಗುವಾಗಲೂ ಬರುವಾಗಲೂ ತಣ್ಣಗೇ ಇತ್ತು. ಮುಂದಿನ ಗುರುವಾರವೂ ನೋಡಿಬಿಡೋಣ ಎಂದ.

ಮೂರನೆಯ ಗುರುವಾರ ಅವನು ಹೊರಟಾಗ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, "ಲೋ, ಕಾರಿಗೆ ಏನೂ ಆಗಿಲ್ಲ. ಏನೂ ಇಲ್ಲದೇ ಹೋಗ್ತೀಯಲ್ಲೋ," ಎಂದಳು. ಅವನ ಕಿವಿ ಮತ್ತೆ ಕೆಂಪಾಯಿತು.

ಆ ದಿನ ಊರು ದಾಟುತ್ತಲೇ ಹಿಂದಿನಿಂದ ಅಮ್ಮ, ಪುಟ್ಟಿ, ಸೆಕೆ, ಫ್ಯಾನು ನಾಲ್ಕಕ್ಕಿಡು ಎಂದಳು. ಸೆಕೆಯೇನೂ ಇರಲಿಲ್ಲ. ಆದರೂ ಅವಳು ತಿರುಗಿಸಿದಳು. ಕಾರಿನ ತುಂಬ ಗಾಳಿಯ ಸದ್ದು ಸುರಿಯಿತು.

"ಈ ಸದ್ದಿಗೆ ನನಗಂತೂ ಏನೂ ಕೇಳಿಸಲ್ಲಪ್ಪ," ಎಂದು ಅಮ್ಮ ಗಟ್ಟಿಯಾಗಿಯೇ ಹೇಳಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಕನ್ನಡಿಯಲ್ಲಿ ಅವಳ ತುಟಿಯಂಚು ಮಾತ್ರ ಎಚ್ಚರವಾಗಿತ್ತು.

ಬಯಲು ಬಂತು. ಮೊದಲ ಮಳೆ ಬಿದ್ದು ಧೂಳು ಅಡಗಿತ್ತು. ಒಂಟಿ ಮರ ದೂರದಲ್ಲಿ ಹಸಿರಾಗಿ ತೇಲುತ್ತಿತ್ತು.

ಕೇಳಲೋ ಬೇಡವೋ ಎಂದು ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

"ಅವತ್ತು ನಿಮ್ಮಕ್ಕನ ಹತ್ತಿರ ಅಂದ್ರಲ್ಲ, ಏನೂ ಇಲ್ಲದೇ ಬರ್ತಾರೆ ಅವರು ಅಂತ..."

ಅವನು ಬೆಚ್ಚಿದ. ಆಗ ಅವನಿಗೆ ಎಲ್ಲವೂ ಅರ್ಥವಾಯಿತು. ಟೀ, ಕೇಳಿ ತೆಗೆದುಕೊಂಡ ಕೀಲಿ, ನಿಲ್ಲದೆ ದೂರವಾದ ಕಾರು.

"ಅಷ್ಟೇ ಕೇಳಿಸಿಕೊಂಡ್ರಾ?"

"ಇನ್ನೂ ಇತ್ತಾ?"

ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. ಏನೋ ಹೇಳಿದ. ನಾಲ್ಕರ ಗಾಳಿ ಆ ಮಾತನ್ನು ಎತ್ತಿಕೊಂಡು ಹೋಯಿತು. ಅವಳಿಗೆ ಕಂಡದ್ದು ಅಲುಗಿದ ತುಟಿ ಮಾತ್ರ.

ಅವಳ ಎಡಗೈ ಸ್ಟೀರಿಂಗ್ ಬಿಟ್ಟಿತು. ನಾಬನ್ನು ಹಿಡಿದು ಮೂರು, ಎರಡು, ಒಂದು... ಸೀಮೆಸುಣ್ಣದ ಗೆರೆಯ ಎರಡು ತುಂಡುಗಳೂ ಮತ್ತೆ ಕೂಡಿದವು. ಕಾರಿನೊಳಗೆ ಮಲಗಿದವರ ಉಸಿರಿನಷ್ಟೇ ಸದ್ದು ಉಳಿಯಿತು. ಅಪ್ಪ ಇಲ್ಲಿಗೆ ಕೈ ತಂದ ದಿನ ಅವರ ಎದೆ ಹೇಗೆ ಬಡಿದುಕೊಂಡಿತ್ತು ಎಂಬುದು ಅವಳಿಗೆ ಆಗ ಗೊತ್ತಾಯಿತು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಅವನು ಒಮ್ಮೆ ಕನ್ನಡಿಯತ್ತ ನೋಡಿದ. ಅಮ್ಮ ಕಣ್ಣು ಬಿಡಲಿಲ್ಲ.

"ಏನೂ ಇಲ್ಲದೇ ಬರ್ತಾರೆ ಅಂದೆ. ನನ್ನ ನೋಡೋಕೇ ಬರೋದಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತಲೂ ಅಂದೆ."

ಮರ ಹತ್ತಿರವಾಯಿತು. ದಾಟಿತು.

"ಕಾರು ಕೆಟ್ಟೇ ಇತ್ತು," ಎಂದಳು ಅವಳು. ಅವಳ ಧ್ವನಿಯೂ ಅಮ್ಮನದರಷ್ಟೇ ಸಣ್ಣಗಾಗಿತ್ತು. "ಆದ್ರೆ ಮೂರನೇ ಸಲ... ಕಾರಿಗೋಸ್ಕರ ಮಾತ್ರ ಬಂದಿದ್ದಲ್ಲ."

ಅವನು ಉಸಿರು ಬಿಟ್ಟ. ಹನ್ನೆರಡು ವರ್ಷದಿಂದ ಅವಳಿಗೆ ಗುರುತಿದ್ದ ಉಸಿರು ಅದು.

"ಒಂದರಲ್ಲಿಟ್ರೆ ಮತ್ತೆ ಐಸ್ ಕಟ್ಟಲ್ವಾ?" ಎಂದು ಅವಳು ಕೇಳಿದಳು.

"ಇನ್ನು ಕಟ್ಟಲ್ಲ," ಎಂದ ಅವನು. "ಒಂದರಲ್ಲೇ ಇರಲಿ."